ತಕ್ಕಡಿಯ ಲೆಕ್ಕವೂ ಹಲಗೆಯ ಲೆಕ್ಕವೂ

ನಂದಿಬೆಟ್ಟದ ಸುತ್ತಣ ತಾಲ್ಲೂಕುಗಳಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳು ಗಣಿತವನ್ನು ಕಲಿಯುತ್ತಿಲ್ಲವೆಂದು ದೂರುವವರು ಬಹಳ ಮಂದಿ. ಈ ದೂರು ಅರ್ಧಸತ್ಯ ಮಾತ್ರ. ತರಗತಿಯಲ್ಲಿ ಮಗು ಒಂದು ಪಾಠವನ್ನು ಚೆನ್ನಾಗಿಯೇ ಕಲಿಯುತ್ತಿದೆ: ಮನೆಯಲ್ಲಿಯೂ ಸಂತೆಯಲ್ಲಿಯೂ ನಡೆಯುವ ಲೆಕ್ಕವು ಲೆಕ್ಕವೇ ಅಲ್ಲವೆಂಬ ಪಾಠ!

ಚಿಂತಾಮಣಿಯ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಒಂದು ಪೆಟ್ಟಿಗೆ ಟೊಮೆಟೊ 420 ರೂಪಾಯಿಗೆ ಹರಾಜಾಯಿತೆಂದು ಇಟ್ಟುಕೊಳ್ಳೋಣ. ಕೆ.ಜಿ.ಗೆ ಬಿದ್ದ ಬೆಲೆಯೆಷ್ಟು? ತಂದೆಯೊಡನೆ ಮಂಡಿಗೆ ಹೋಗಿ ಬಲ್ಲ ಹುಡುಗ, ಎರಡು ಪೆಟ್ಟಿಗೆಗೆ 840, ತೂಕ 30, ಹಾಗಾದರೆ 28 ಎಂದು ಬಾಯಲ್ಲಿಯೇ ಹೇಳಿಬಿಟ್ಟಾನು. ಅದೇ 420ನ್ನು 15ರಿಂದ ಭಾಗಿಸೆಂದು ಕಪ್ಪುಹಲಗೆಯ ಮೇಲೆ ಬರೆದಾಗ ಅವನೇ ತಡವರಿಸುತ್ತಾನೆ. ಇದು ಬರಿಯ ಊಹೆಯಲ್ಲ. ಕೊಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಪರೀಕ್ಷಿಸಿ, 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಹೇಳುತ್ತದೆ. ವ್ಯಾಪಾರದ ಕಠಿಣ ಲೆಕ್ಕಗಳನ್ನು ಮಾಡಬಲ್ಲ ಮಕ್ಕಳು ಶಾಲೆಯ ಸರಳ ಲೆಕ್ಕಗಳಲ್ಲಿ ಸೋತರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋತರು. ಎರಡು ವಿದ್ಯೆಗಳೂ ಒಂದನ್ನೊಂದು ಮುಟ್ಟದೆ ಉಳಿದಿವೆ. 2024ರ ‘ಅಸರ್’ ವರದಿಯಂತೆ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಭಾಗಾಕಾರ ಮಾಡಬಲ್ಲವರು ಶೇ. 30.7 ಮಾತ್ರ.

ದೋಷವನ್ನು ಉಪಾಧ್ಯಾಯರ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ಚಿಂತಾಮಣಿಯಿಂದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿಯ ರಿಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿತು. ಮಗು ತನ್ನ ವೇಗದಲ್ಲಿ, ತನ್ನ ಪರಿಸರದಿಂದ ಕಲಿಯಬೇಕೆಂಬುದೇ ಅದರ ಮೂಲ ಆಶಯ. ಆದರೆ ಊರಿನ ತಕ್ಕಡಿಯನ್ನು ತರಗತಿಯೊಳಗೆ ತರುವ ಕೆಲಸವು ರಾಜ್ಯಕ್ಕೆಲ್ಲ ಒಂದೇ ಅಚ್ಚಿನ ಕಾರ್ಡುಗಳಿಂದ ಆಗತಕ್ಕದ್ದಲ್ಲ. ಅದನ್ನು ಊರಿನವರೇ ಮಾಡಬೇಕು.

ಮೊಬೈಲ್ ಇರುವಾಗ ಈ ಚಿಂತೆಯೇಕೆ ಎನ್ನುವವರಿದ್ದಾರೆ. ಮೊಬೈಲ್ ಗುಣಿಸುತ್ತದೆ, ನಿಜ. ತೂಕದಲ್ಲಿ ಕಳೆದ ಎರಡು ಕೆ.ಜಿ. ಏತಕ್ಕೆ, ಕಮಿಷನ್ ಯಾವ ಮೊತ್ತದ ಮೇಲೆ ಎಂದು ಅದು ತಾನಾಗಿ ಕೇಳುವುದಿಲ್ಲ. ಮಗ್ಗಿಯನ್ನು ಉರುಹೊಡೆಸಿದರೆ ಸಾಕೆನ್ನುವ ಹಿರಿಯರ ವಾದವೂ ಅಷ್ಟೇ ದುರ್ಬಲ. ಮಗ್ಗಿ ಬೇಕು, ಆದರೆ ಹದಿನೈದರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದವನಿಗೂ ಚೀಟಿಯನ್ನು ಪ್ರಶ್ನಿಸುವ ಎದೆಗಾರಿಕೆ ಬರಲಾರದು. ಪ್ರಶ್ನಿಸುವುದನ್ನೇ ಜೀವಮಾನವೆಲ್ಲ ಬೋಧಿಸಿದ ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೆಂಬುದನ್ನು ಈ ಜಿಲ್ಲೆಯವರು ನೆನೆಯಬೇಕು.

ಇದು ಕೇವಲ ಶಿಕ್ಷಣದ ಪ್ರಶ್ನೆಯಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು, ಎಂದರೆ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದನ್ನು, ಆಚಾರ್ಯರು ಎಣಿಸಿದ್ದಾರೆ. ಲೆಕ್ಕ ತಿಳಿಯದ ಗಿರಾಕಿಯ ಮುಂದೆ ಈ ದೋಷಕ್ಕೆ ಸಾಕ್ಷಿಯೇ ಇರುವುದಿಲ್ಲ. ಆದುದರಿಂದ ರೈತನ ಮಗುವಿನ ಭಾಗಾಕಾರವು ವರ್ತಕನ ವ್ರತಕ್ಕೂ ಸಂಬಂಧಿಸಿದ್ದು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ಬರೆದಾಗ ಒಂದು ಕೃತಿಗೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು. ಗಣಿತವೂ ವ್ಯವಹಾರವೂ ಅವನಿಗೆ ಬೇರೆಯಾಗಿ ಕಾಣಲಿಲ್ಲ. ಅವನ ಹೆಸರನ್ನು ಸಭೆಗಳಲ್ಲಿ ಹೊಗಳುವ ಸಮಾಜವು ತನ್ನ ಮಕ್ಕಳನ್ನು ದುಬಾರಿ ಶಾಲೆಗೆ ಕಳುಹಿಸಿ, ಪಕ್ಕದ ಸರ್ಕಾರಿ ಶಾಲೆಯಲ್ಲಿ ಏನು ನಡೆಯುತ್ತಿದೆಯೆಂದು ಕೇಳದಿರುವುದು ಯಾವ ನ್ಯಾಯ?

ಮಕ್ಕಳನ್ನು ಮಂಡಿಯಲ್ಲಿ ದುಡಿಸಬೇಕೆಂದು ಇದರ ಅರ್ಥವಲ್ಲ. ಅದು ಅನ್ಯಾಯವೂ ಹೌದು, ಅಪರಾಧವೂ ಹೌದು. ಮಂಡಿಯ ಚೀಟಿ ಶಾಲೆಗೆ ಬರಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ತೂಕದ ಚೀಟಿಯೂ ಬರಲಿ (ರೇಷ್ಮೆಯಲ್ಲಿನ ಹಿಂಸೆಯ ವಿಚಾರ ಬೇರೆಯೇ ಇದೆ, ಆ ಊರಿನ ಮಕ್ಕಳ ಅನ್ನದ ಲೆಕ್ಕವಂತೂ ಅದರಲ್ಲಿದೆ). ನಾಲ್ಕನೆಯ, ಐದನೆಯ ತರಗತಿಯವರು ವಾರಕ್ಕೊಮ್ಮೆ ಅಂತಹ ಚೀಟಿಯನ್ನು ಬಾಯಲ್ಲಿ ಬಿಡಿಸಿ, ಆ ಬಾಯಿಲೆಕ್ಕವನ್ನೇ ಹಲಗೆಯ ಮೇಲೆ ಅಂಕಿಗಳಲ್ಲಿ ಬರೆಯಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಹೆಸರುಗಳನ್ನು ಅಳಿಸಿದ ಹಳೆಯ ಚೀಟಿಗಳ ಒಂದು ಕಟ್ಟನ್ನು ಹತ್ತಿರದ ಶಾಲೆಗೆ ತಲುಪಿಸುವುದು ಯಾವ ವರ್ತಕನಿಗೂ ಭಾರವಲ್ಲ, ಚೀಟಿ ಸರಿಯಾಗಿದ್ದರೆ.