ಸುಮ್ನ ಕೂತ್ರ ಸಹಿ ಹಾಕಿಧಂಗ

ಧಾರವಾಡದಾಗ ಏಪ್ರಿಲ್ ಬಂತಂದ್ರ ನಮ್ಮಪ್ಪ ಟೇಪು ಹುಡುಕಲಿಕ್ಕೆ ಸುರು ಮಾಡ್ತಿದ್ದಾ. ಮನಿ ಟ್ಯಾಕ್ಸಿನ ಫಾರ್ಮ್ ತಾನ ತುಂಬತಿದ್ದಾ, ಲೆಕ್ಕಾನೂ ತಾನ ಹಾಕತಿದ್ದಾ, ಆ ತಿಂಗಳೊಳಗ ಕಟ್ಟಿದ್ರ ಸಿಗೋ ಶೇ. 5 ರಿಯಾಯಿತಿ ತೊಗೊಂಡ ಮ್ಯಾಲೇನ ಅವಂಗ ನಿದ್ದಿ. "ಮನಿ ನಂದು, ಅಳತಿ ನಂಗ ಗೊತ್ತಿರಬೇಕು" ಅಂತಿದ್ದಾ. ನಾವು ಮಕ್ಕಳು ನಗತಿದ್ವಿ.

ಈಗ ನಾನು ಟೆಕ್ಸಸ್‌ನ ಒಂದು ಹಳ್ಳಿ ಕೌಂಟಿಯೊಳಗ ಇದ್ದೀನಿ. ಇಲ್ಲಿ ಪದ್ಧತಿ ತಿರುವುಮುರುವು. ನಮ್ಮ ಕಡೆ ನಾವು ಲೆಕ್ಕಾ ಹೇಳ್ತೀವಿ, ಆಫೀಸಿನವರು ತಪಾಸ ಮಾಡ್ತಾರ. ಇಲ್ಲಿ ಅವರು ಲೆಕ್ಕಾ ಹೇಳ್ತಾರ, ತಪಾಸ ಮಾಡೋದು ನಮ್ಮ ಕೆಲಸ. ಮಾಡಲಿಲ್ಲಂದ್ರ ಅವರು ಹೇಳಿದ್ದ ಖರೇ ಆಗ್ತದ. ಈ ಒಂದ ಮಾತು ತಿಳಕೊಳ್ಳಲಿಕ್ಕೆ ಇಲ್ಲಿರೋ ನಮ್ಮ ಮಂದಿಗೆ ಯಾಕ ಇಷ್ಟು ತ್ರಾಸು ಅನ್ನೋದ ನನ್ನ ತಕರಾರು.

ಮನಿ ಕೊಂಡ ಮರು ವರ್ಷ ಏಪ್ರಿಲ್‌ನಾಗ ಅಪ್ರೈಸಲ್ ಡಿಸ್ಟ್ರಿಕ್ಟಿನ ನೋಟೀಸ್ ಬಂತು. ಹಿಂದಿನ ವರ್ಷ 2,60,000 ಡಾಲರ್ ಇದ್ದ ಮನಿ ಬೆಲಿ 3,12,000 ಆಗಿತ್ತು. ಒಂದ ವರ್ಷಕ್ಕ ಶೇ. 20! ನಮ್ಮನಿಯವರಿಗೆ ತೋರಿಸಿದೆ. "ಹೋಗ್ಲಿ ಬಿಡ, ಸರ್ಕಾರದ ಜೋಡಿ ಎಲ್ಲಿ ಜಗಳಾಡಕೋತ ಕೂಡ್ತೀ" ಅಂದ್ರು. ಆ ಶನಿವಾರ ಸ್ನೇಹಿತರ ಮನಿ ಊಟಕ್ಕ ಹೋದ್ರ ಅಲ್ಲೆ ಇನ್ನೂ ಚಂದ. ನಮ್ಮದು ಇಷ್ಟು ಏರಿತು, ನಮ್ಮದು ಅಷ್ಟು ಏರಿತು ಅಂತ ಎಲ್ಲಾರೂ ಹಿಗ್ಗೇ ಹಿಗ್ಗು. ಅಲ್ರಿ, ಮಾರೋ ಮನಿ ಆಗಿದ್ರ ಹಿಗ್ಗಬೇಕು. ಇರೋ ಮನಿ ಬೆಲಿ ಏರಿದ್ರ ಅದು ಬರೇ ಬಿಲ್ಲು! ಕೊತ್ತಂಬರಿ ಸಿವುಡಿಗೆ ಎಂಟಾಣೆ ಬಿಡಿಸಲಿಕ್ಕೆ ಸಂತ್ಯಾಗ ಅರ್ಧಾ ತಾಸು ನಿಂತಿದ್ದ ಮಂದಿ ನಾವು. ಐವತ್ತು ಸಾವಿರ ಡಾಲರ್ ಏರಿಸಿದ ಕಾಗದಕ್ಕ ಮಾತ್ರ ಕೈ ಮುಗೀತೀವಿ.

ಆ ಬೆಲಿ ಹೆಂಗ ಬರ್ತದ ಅನ್ನೋದನ್ನ ಮೊದಲ ತಿಳಕೋರಿ. ಜನವರಿ 1ಕ್ಕ ನಿಮ್ಮ ಮನಿ ಎಷ್ಟು ಬೆಲಿ ಬಾಳತಿತ್ತು ಅಂತ ಅವರು ಅಂದಾಜು ಹಾಕ್ತಾರ. ಒಂದೊಂದ ಮನಿಯೊಳಗ ಬಂದು ನೋಡಂಗಿಲ್ಲ. ಸಾವಿರಾರು ಮನಿಗೆ ಕೂಡೇ ಲೆಕ್ಕಾ ಹಾಕ್ತಾರ. ಮ್ಯಾಲೆ ಟೆಕ್ಸಸ್‌ನಾಗ ಮನಿ ಎಷ್ಟಕ್ಕ ಮಾರಿದ್ರಿ ಅಂತ ಹೇಳಲೇಬೇಕು ಅನ್ನೋ ಕಾಯದೆ ಇಲ್ಲ. ಊರಾಗ ನೂರಾರು ಮನಿ ಮಾರ್ತಾವ, ಅಂದಾಜಿಗೆ ಏನರ ಆಧಾರ ಇರ್ತದ. ಹಳ್ಳಿ ಕೌಂಟಿಯೊಳಗ ವರ್ಷಕ್ಕ ನಾಕು ಮನಿ ಮಾರಿದ್ರ ಹೆಚ್ಚು. ಒಂದರ ಬಾವಿ ಬತ್ತಿರ್ತದ, ಒಂದರ ಹಿಂದ 40 ಎಕರೆ ಹುಲ್ಲುಗಾವಲ ಇರ್ತದ. ಅದರ ಮ್ಯಾಲೆ ನಮ್ಮ ಮನಿ ಬೆಲಿ ಕಟ್ಟೋದಂದ್ರ ಎಮ್ಮಿ ನೋಡಿ ಆಕಳ ಹಾಲಿನ ರೇಟು ಹೇಳಿಧಂಗ.

ನಾನು ಆನ್‌ಲೈನಿನ್ಯಾಗ ನಮ್ಮ ಮನಿ ದಾಖಲಿ ತೆಗೆದೆ. ವಾಸದ ಜಾಗಾ 2,340 ಚದರಡಿ ಅಂತ ಬರದಿತ್ತು. ಟೇಪು ಹಿಡಿದು ಅಳದ್ರ 2,060! ಉಳಿದ 280 ಎಲ್ಲಿಂದ ಬಂತು? ಹಿಂದಿನ ವರಾಂಡಾಕ್ಕ ಸೊಳ್ಳಿ ಬರಬಾರದಂತ ಜಾಳಿಗಿ ಹೊಡಸ್ಯಾರ ನೋಡ್ರಿ, 14 ಅಡಿಗೆ 20 ಅಡಿ, ಅದನ್ನೂ ಖೋಲಿ ಅಂತ ಹಿಡಿದಿದ್ರು. ಆವತ್ತು ನಮ್ಮಪ್ಪನ ನೆನಪು ಭಾಳ ಆತು.

ಪ್ರೊಟೆಸ್ಟ್ ಅಂದ ಕೂಡ್ಲೆ ಫಲಕ ಹಿಡಿದು ಬೀದಿಗೆ ಇಳಿಯೋದಂತ ತಿಳೀಬ್ಯಾಡ್ರಿ, ಅದು ಒಂದು ಫಾರ್ಮ್. ಮೇ 15 ಇಲ್ಲಾ ನೋಟೀಸ್ ಕಳಿಸಿದ ಮ್ಯಾಲೆ 30 ದಿನ, ಯಾವುದು ತಡಾನೋ ಅದರೊಳಗ ಕೊಡಬೇಕು. ಬೆಲಿ ಮಾರುಕಟ್ಟಿಗಿಂತ ಹೆಚ್ಚಾತು ಅನ್ನೋದಕ್ಕೊಂದು, ನಮ್ಮಂಥಾ ಬ್ಯಾರೆ ಮನಿಗಳಿಗಿಂತ ಹೆಚ್ಚು ಹಾಕ್ಯಾರ ಅನ್ನೋದಕ್ಕೊಂದು, ಎರಡೂ ಮನಿಗೆ ಗುರುತು ಹಾಕ್ರಿ. ಅವರ ಹತ್ರ ಇರೋ ಪುರಾವೆ ಕಾಗದಾ ಬೇಕಂತ ಕೇಳ್ರಿ. ಕೇಳಿದ್ರ ವಿಚಾರಣೆಗೆ 14 ದಿನ ಮೊದಲ ಕೊಡಬೇಕು. "ತಕರಾರು ತಗದ್ರ ಸಿಟ್ಟಿಗೆದ್ದು ಇನ್ನೂ ಏರಿಸ್ತಾರ" ಅಂತ ಹೆದರಿಸೋರು ಇದ್ದಾರ. ರಿವ್ಯೂ ಬೋರ್ಡಿನವರು ದಾಖಲಿಯೊಳಗಿದ್ದ ಬೆಲಿಗಿಂತ ಹೆಚ್ಚು ಮಾಡಲಿಕ್ಕೆ ಕಾಯದೆ ಒಪ್ಪಂಗಿಲ್ಲ. ತಮ್ಮ ಬೆಲಿ ಸರಿ ಅದ ಅಂತ ಸಾಬೀತು ಮಾಡೋ ಹೊಣಿನೂ ಆಫೀಸಿಂದು.

ನನ್ನ ವಿಚಾರಣೆ 15 ನಿಮಿಷದಾಗ ಮುಗೀತು. ಬೋರ್ಡಿನವರಂದ್ರ ಅದ ಕೌಂಟಿಯ ಸಾಮಾನ್ಯ ಮಂದಿ. ನಕ್ಷಾ, ಫೋಟೋ, ಅಕ್ಕಪಕ್ಕದ ಐದು ಮನಿ ದಾಖಲಿ ಮುಂದ ಇಟ್ಟೆ. ಟ್ಯಾಕ್ಸ್ ಭಾಳಾತು ಅಂತ ಅಳಲಿಲ್ಲ, ಯಾಕಂದ್ರ ದರ ಹಾಕೋರು ಅವರಲ್ಲ. ಶಾಲಿ, ಕೌಂಟಿ ತಮ್ಮ ತಮ್ಮ ದರ ಆಮ್ಯಾಲೆ ಹಾಕ್ತಾವ. ಬೆಲಿ 2,81,000ಕ್ಕ ಇಳೀತು. ನಮ್ಮ ಕಡೆ ಎಲ್ಲಾ ದರ ಕೂಡಿಸಿದ್ರ 100 ಡಾಲರಿಗೆ ಸುಮಾರು 1.9, ಅಂದ್ರ ವರ್ಷಕ್ಕ 590 ಡಾಲರ್ ಉಳೀತು. ಅಷ್ಟ ಅಲ್ಲ. ಇರೋ ಮನಿಗೆ ಹೋಮ್‌ಸ್ಟೆಡ್ ವಿನಾಯಿತಿ ತೊಗೊಂಡ ಮರು ವರ್ಷದಿಂದ ಟ್ಯಾಕ್ಸಿಗೆ ಹಿಡಿಯೋ ಬೆಲಿ ವರ್ಷಕ್ಕ ಶೇ. 10ಕ್ಕಿಂತ ಹೆಚ್ಚು ಏರಿಸಂಗಿಲ್ಲ. ಆ 10 ಯಾವುದರ ಮ್ಯಾಲೆ? ಈ ವರ್ಷದ ಬೆಲಿ ಮ್ಯಾಲೆ. ಬುನಾದಿ ಸೊಟ್ಟ ಇದ್ರ ಮ್ಯಾಲಿನ ಗ್ವಾಡಿ ಎಲ್ಲಾ ಸೊಟ್ಟ.

"ಶಾಲಿಗೆ ಹೋಗೋ ರೊಕ್ಕ, ಅದಕ್ಕ್ಯಾಕ ಕಲ್ಲು ಹಾಕ್ತೀರಿ" ಅಂತ ಒಬ್ಬರು ಕೇಳಿದ್ರು. ಖರೇ ಅದ, ಟೆಕ್ಸಸ್‌ನಾಗ ರಾಜ್ಯದ ಆದಾಯ ತೆರಿಗಿ ಇಲ್ಲ, ಶಾಲಿ ಬಹಳಷ್ಟು ಇದರ ಮ್ಯಾಲೇನ ನಡೀತಾವ. ನಾನೇನು ಕೊಡಂಗಿಲ್ಲ ಅನ್ನಲಿಲ್ಲ, ಇಲ್ಲದ ಖೋಲಿಗೆ ಕೊಡಂಗಿಲ್ಲ ಅಂದೆ. ತಕರಾರು ಮಾಡಲಿಕ್ಕೆ ದೊಡ್ಡ ದೊಡ್ಡ ಆಸ್ತಿಯವರು ರೊಕ್ಕಾ ಕೊಟ್ಟು ಮಂದಿ ಇಟಗೊಂಡಿರ್ತಾರ. ಸುಮ್ನ ಕೂಡೋರು ನಾವು, ಇನ್ನ ನಮ್ಮ ಬಾಜೂ ಮನಿ ಅಜ್ಜಿಯಂಥಾವರು.

ಆ ಅಜ್ಜಿಗೆ 78. ಮನಿ ತೀರಿಕೊಂಡ ಗಂಡನ ಹೆಸರಿನ ಮ್ಯಾಲ ಉಳದಿತ್ತು, ಆಕಿ ಹೆಸರಿನ ಫಾರ್ಮ್ ಯಾರೂ ತುಂಬಿರಲಿಲ್ಲ. ಹಿಂಗಾಗಿ ವಿನಾಯಿತಿನೂ ಇಲ್ಲ. 2025ರ ಮತದಾನದ ಮ್ಯಾಲೆ ಶಾಲಿ ತೆರಿಗಿಯೊಳಗ ಇರೋ ಮನಿಗೆ 1,40,000 ಡಾಲರ್ ಬೆಲಿ ಬಿಡ್ತಾರ, 65 ದಾಟಿದವರಿಗೆ ಇನ್ನೂ 60,000. 65 ದಾಟಿದವರ ಶಾಲಿ ತೆರಿಗಿ ಮೊತ್ತಕ್ಕ ಕಟ್ಟೂ ಬೀಳ್ತದ. ಆಕಿ ಮಾತ್ರ ಪೂರಾ ಬಿಲ್ಲು ಕಟ್ಟಕೋತ, ಔಷಧಾ ದಿನಾ ಬಿಟ್ಟು ದಿನಾ ತೊಗೊಳಕೋತ ಇದ್ದಳು. ಯಾಕ ಕೇಳಲಿಲ್ಲ ಅಂದ್ರ, "ಕೌಂಟಿಯವರು ತಪ್ಪು ಬರೀತಾರೇನು" ಅಂದಳು. ಅಡಗಿ ಮನಿ ಟೇಬಲ್ ಮ್ಯಾಲೆ ಇಬ್ಬರೂ ಕೂತು ಫಾರ್ಮ್ ತುಂಬಿದ್ವಿ. ಆಕಿ ಕೈ ನಡಗತಿತ್ತು, ಸಹಿ ಮಾತ್ರ ತಾನ ಮಾಡಿದಳು.

ಕೇಳೋದು ಮರ್ಯಾದಿ ಕಳಕೊಳ್ಳೋದಲ್ರಿ. ಮುಂದಿನ ಏಪ್ರಿಲ್‌ನಾಗ ನೋಟೀಸ್ ಬಂದ್ರ ಫ್ರಿಜ್ಜಿನ ಮ್ಯಾಲೆ ಇಟ್ಟು ಮರೀಬ್ಯಾಡ್ರಿ. ಮೊದಲ ಟೇಪು ಹುಡುಕ್ರಿ. ಆಮ್ಯಾಲೆ ಬಾಜೂ ಮನಿ ಬಾಗಲಾ ಬಡೀರಿ.