ವಿಮಾನದ ರೆಕ್ಕಿಗೂ ನೆರಳು ಬೇಕ್ರಿ

ಬ್ಯಾಸಗಿ ಬಂತಂದ್ರ ಏನೇನು ಬಿಸಲಿಗೆ ಹಾಕಬೇಕು ಅನ್ನೋದನ್ನ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಹಪ್ಪಳ, ಸಂಡಿಗಿ, ಶಾವಿಗಿ, ಕೆಂಪು ಮೆಣಸಿನಕಾಯಿ, ಗಾದಿ. ಏನೇನು ಹಾಕಬಾರದು ಅನ್ನೋದೂ ಗೊತ್ತದ. ರೇಷ್ಮಿ ಸೀರಿ ನೆರಳಾಗ ಹರವತೇವಿ, ತುಪ್ಪದ ಡಬ್ಬಿ ಕಿಡಕಿಯಿಂದ ದೂರ ಇಡತೇವಿ. ಈ ಎರಡನೇ ಪಟ್ಟಿಗೆ ಇನ್ನೊಂದು ಸಾಮಾನು ಸೇರಸ್ರಿ ಅಂತ ನನ್ನ ಮಾತು. ಮನ್ಯಾಗ ಯಾರರೆ ಕೂತು ಜೋಡಿಸಿ, ಬಣ್ಣಾ ಹಚ್ಚಿದ ಪ್ಲಾಸ್ಟಿಕ್ ವಿಮಾನ.

"ಅದೇನ್ ಆಟಿಗಿ ಸಾಮಾನು ಬಿಡ್ರಿ" ಅನ್ನೋರಿಗೆ ಆ ಕೆಲಸ ಎಷ್ಟು ಅನ್ನೋದನ್ನ ಮೊದಲು ಹೇಳತೇನಿ. ನನ್ನ ನಾದಿನಿ ಮಗಳು ಮಾಡೋದನ್ನ ಕಣ್ಣಾರೆ ನೋಡೇನಿ. ಬಿಡಿ ಭಾಗ ಮೊದಲು ಸಾಬೂನು ನೀರಾಗ ತೊಳೀಬೇಕು, ಜಿಡ್ಡು ಉಳದ್ರ ಬಣ್ಣಾ ಹಿಡಿಯೂದಿಲ್ಲ. ಆಮ್ಯಾಲೆ ಪ್ರೈಮರ್. ಅದರ ಮ್ಯಾಲೆ ಬಣ್ಣಾ, ಅದೂ ಒಮ್ಮೆಲೇ ದಪ್ಪಾಗಿ ಅಲ್ಲ, ತೆಳ್ಳಗ ಎರಡು ಮೂರು ಸಲ. ದಪ್ಪ ಹಚ್ಚಿದ್ರ ರೆಕ್ಕಿ ಮ್ಯಾಲಿನ ಸಣ್ಣ ಗೆರಿ ಎಲ್ಲಾ ಮುಚ್ಚಿಹೋಗತಾವ. ಎರಡು ಬಣ್ಣದ ನಡುವ ಟೇಪು ಅಂಟಿಸಿ ಅಂಚು ತಗೀಬೇಕು. ನಂತರ ಹೊಳಪಿನ ವಾರ್ನಿಶ್, ಯಾಕಂದ್ರ ಒರಟು ಮೈ ಮ್ಯಾಲೆ ಗುರುತಿನ ಚೀಟಿ ಅಂಟಿಸಿದ್ರ ಅದರ ಕೆಳಗ ಗಾಳಿ ಸಿಕ್ಕು ಬೆಳ್ಳಗ ಕಾಣತದ. ಕಡೀಕ ಹೊಳಪು ಕಡಿಮಿ ಮಾಡೋ ಮ್ಯಾಟ್ ವಾರ್ನಿಶ್. ಪ್ರತಿಯೊಂದೂ ಒಣಗೋತನಕ ಕಾಯಬೇಕು. ಲಗೂನ ಒಣಗಲಿ ಅಂತ ಬಿಸಲಿಗೆ ಇಡೂಹಂಗಿಲ್ಲ.

ಆಕಿ ಮಾಡಿದ್ದು ಮಿಗ್-21. 1963ರಾಗ ನಮ್ಮ ವಾಯುಪಡೆ ಸೇರಿ, 2025ರ ಸೆಪ್ಟೆಂಬರ್‌ದಾಗ ನಿವೃತ್ತಿ ಆತಲ್ಲಾ, ಅದ. ಖರೇ ವಿಮಾನದ ರೆಕ್ಕಿ ಈ ತುದಿಯಿಂದ ಆ ತುದಿಗೆ 7 ಮೀಟರಿನ ಮ್ಯಾಲೆ. 72ರಾಗ ಒಂದು ಪಾಲಿನ ಈ ಮಾದರಿಯೊಳಗ ಬರೇ 10 ಸೆಂಟಿಮೀಟರು. ಆಕಿ ಅಜ್ಜಾರು ವಾಯುಪಡೆಯೊಳಗ ಇದ ವಿಮಾನದ ರಿಪೇರಿ ಮಾಡತಿದ್ರು. ಅವರ ಸಹಸ್ರಚಂದ್ರ ದರ್ಶನಕ್ಕ ಕೊಡಬೇಕಂತ ಎರಡು ತಿಂಗಳು ಕೂತಿದ್ದಳು.

ಕಾರಿನ ಹಿಂದಿನ ಕಾಚಿನ ಕೆಳಗ ಅದನ್ನ ಯಾರೋ ಇಟ್ರು. ಕಾರ್ಯಾಲಯದ ಮುಂದ ಮಧ್ಯಾಹ್ನದತನಕ ಕಾರು ಬಿಸಲಾಗ ನಿಂತಿತ್ತು. ತಗದು ನೋಡೂದ್ರಾಗ ಒಂದು ರೆಕ್ಕಿ ಬಾಡಿದ ವೀಳ್ಯದೆಲಿಹಂಗ ಜೋತಿತ್ತು. "ಹೋಗ್ಲಿ ಬಿಡವಾ, ಇನ್ನೊಂದು ತಂದರಾತು" ಅಂದ್ರು ಹಿರೇರು. ಹುಡುಗಿ ಒಂದು ಮಾತೂ ಆಡಲಿಲ್ಲ. ರೆಕ್ಕಿಗಿಂತ ಆ ಮಾತ ನನಗ ಹೆಚ್ಚು ಚುಚ್ಚಿತು. ಎರಡು ತಿಂಗಳು ಹಾಕಿದ ಕಸೂತಿ ಸೀರಿ ಸುಟ್ಟರ ಯಾರರೆ ಹಿಂಗ ಅಂತಾರೇನ್ರಿ?

ಕಾರಣ ತಿಳಕೊಂಡ್ರ ಕಾಯೋದು ಕಷ್ಟೇನಿಲ್ಲ. ಈ ಕಿಟ್ಟು ಬಹಳ ಮಟ್ಟಿಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಅದು ಸುಮಾರು 100 ಡಿಗ್ರಿಗೆ ಮೆತ್ತಗಾಗತದ, ಆದ್ರ ತೆಳ್ಳನ್ನ ರೆಕ್ಕಿ ಅದಕ್ಕಿಂತ ಮೊದಲ ತನ್ನ ಭಾರಕ್ಕ ಬಾಗತದ. ಬಿಸಲಾಗ ಮುಚ್ಚಿ ನಿಂತ ಕಾರಿನೊಳಗ 60 ಡಿಗ್ರಿ ದಾಟತದ, ಕಾಚಿನ ಕೆಳಗ ನೇರ ಬಿಸಲು ಬೀಳೋ ಕಡೆ ಇನ್ನೂ ಹೆಚ್ಚು. ಗಾಢ ಬಣ್ಣದ ವಿಮಾನ ಮತ್ತಷ್ಟು ಕಾಯತದ, ಕರಿ ಛತ್ರಿ ಕಾಯೂದಿಲ್ಲೇನು, ಹಂಗ.

ಮನ್ಯಾಗ ಸಾಮಾನು ಎಲ್ಲಿ ಇಡಬೇಕು ಅಂತ ಠರಾಯಿಸೋರು ನಾವ, ಅದಕ್ಕ ನಿಮಗ ಹೇಳಾಕತ್ತೇನಿ. ಪಡುವಣ ಕಿಡಕಿ ಎದುರಿನ ಶೋಕೇಸು ಬ್ಯಾಡ. ತಗಡಿನ ಕೆಳಗಿನ ಅಟ್ಟ ಬ್ಯಾಡ. ಬಿಸಿ ಬಲ್ಬಿನ ಹತ್ರ, ಟಿವಿ ಸೆಟ್‌ಟಾಪ್ ಬಾಕ್ಸಿನ ಮ್ಯಾಲೂ ಬ್ಯಾಡ. ಬಿಸಲು ಬೀಳದ ಒಳಗೋಡಿಗೆ ಇಡ್ರಿ. ಬಿಸಲಿಗೆ ಬಣ್ಣಾ ಮಾಸತದ, ಚೀಟಿ ಹಳದಿ ಆಗತಾವ, ಅದೂ ಉಳೀತದ. ಧೂಳು ಅರಬಿಯಿಂದ ಒರಸಬ್ಯಾಡ್ರಿ, ಮೆತ್ತನ್ನ ಬ್ರಶ್ಶಿನಿಂದ ಝಾಡಸ್ರಿ. ಒಯ್ಯೂದಿದ್ರ ಡಬ್ಬಿಯೊಳಗ ಹಾಕಿ, ಇಳಿಯೋವಾಗ ನಿಮ್ಮ ಕೂಡ ಕೈಯಾಗ ತಗೊಂಡು ಇಳೀರಿ. ಬಣ್ಣಾ ಹಚ್ಚೋವಾಗ ಕಿಡಕಿ ತಗದಿರಲಿ, ಎನಾಮಲ್ ಬಣ್ಣದ ಥಿನ್ನರ್ ವಾಸನಿ ತಲಿಗೆ ಹತ್ತತದ, ಒಲಿ ಹತ್ರಂತೂ ಕೂಡಸಲೇಬ್ಯಾಡ್ರಿ.

"ಹುಡುಗಿಗ್ಯಾಕ ವಿಮಾನದ ಹುಚ್ಚು" ಅಂತ ಕೇಳೋರೂ ಅದಾರ. ಎರಡು ತಿಂಗಳು ಒಂದ ಕೆಲಸದ ಮ್ಯಾಲೆ ಕಣ್ಣಿಟ್ಟು ಕೂಡೋ ತಾಳ್ಮಿ ಎಷ್ಟು ಮಕ್ಕಳಿಗದ ಹೇಳ್ರಿ? ರೊಕ್ಕಾ ಕೊಟ್ರ ಕಿಟ್ಟು ಮತ್ತ ಸಿಗತದ, ಆ ಎರಡು ತಿಂಗಳು ಸಿಗೂದಿಲ್ಲ. ಮನ್ಯಾಗ ಅದಕ್ಕೊಂದು ಗೇಣು ನೆರಳು ಕೊಡೋದು ನಮಗೇನು ಭಾರಲ್ಲ.