ಇಂಗ್ಲಿಷಿನ ಮಿಶ್ರವಾಕ್ಯ

ಬಿಡಿ ಶಬ್ದಗಳ ಅರ್ಥವೆಲ್ಲ ತಿಳಿದಿದ್ದರೂ ಇಂಗ್ಲಿಷಿನ ಉದ್ದ ವಾಕ್ಯ ಎದುರಾದೊಡನೆ ಮಕ್ಕಳು ಕಂಗೆಡುವರೆಂದು ಕುಮಟೆಯ ಕಡೆಯ ಗೃಹಸ್ಥರು ಹೇಳುವದುಂಟು. ಇದಕ್ಕೆ ನಿಘಂಟು ಮದ್ದಲ್ಲ, ಅನ್ವಯವನ್ನು ಕಲಿಸತಕ್ಕದ್ದು.

ಒಂದು ಭಾಷೆಯ ವ್ಯಾಕರಣವನ್ನು ಇನ್ನೊಂದರ ಮೂಲಕ ತಿಳಿಯುವದು ನಮ್ಮ ಸೀಮೆಗೆ ಹೊಸದಲ್ಲ. ಭಟ್ಕಳದ ಹಾಡುವಳ್ಳಿಯ ಜೈನಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ನಾವು ಕನ್ನಡದ ಮೂಲಕ ಇಂಗ್ಲಿಷನ್ನು ನೋಡೋಣ.

‘ದಿ ಬೋಟ್‌ಮನ್ ಹೂ ಬ್ರಾಟ್ ಅಸ್ ಫ್ರಮ್ ಹೊನ್ನಾವರ ಸೆಡ್ ದ್ಯಾಟ್ ದಿ ರೇನ್ ವುಡ್ ಸ್ಟಾಪ್ ಬಿಫೋರ್ ವಿ ರೀಚ್ಡ್ ಭಟ್ಕಳ.’

ಮೊದಲು ಕ್ರಿಯಾಪದಗಳನ್ನು ಎಣಿಸಿರಿ: ಬ್ರಾಟ್, ಸೆಡ್, ವುಡ್ ಸ್ಟಾಪ್, ರೀಚ್ಡ್. ಹೂ, ದ್ಯಾಟ್, ಬಿಫೋರ್ ಎಂಬ ಮೂರು ಕೊಂಡಿಗಳು ಒಂದೊಂದು ಕ್ರಿಯೆಯನ್ನು ತಮ್ಮ ವಶಮಾಡಿಕೊಂಡಿವೆ. ಯಾವ ಕೊಂಡಿಗೂ ಸಿಕ್ಕದೆ ಉಳಿದ ‘ಸೆಡ್’ ಎಂಬದೇ ಪ್ರಧಾನಕ್ರಿಯೆ. ಈಗ ಕನ್ನಡವಾಗುತ್ತದೆ: ‘ಹೊನ್ನಾವರದಿಂದ ನಮ್ಮನ್ನು ಕರೆತಂದ ಅಂಬಿಗನು, ನಾವು ಭಟ್ಕಳವನ್ನು ಮುಟ್ಟುವ ಮೊದಲೇ ಮಳೆ ನಿಲ್ಲುವದೆಂದು ಹೇಳಿದನು.’ ನಮ್ಮ ಪ್ರಧಾನಕ್ರಿಯೆ ಕಟ್ಟಕಡೆಗೆ ಬರುವದು. ಅವರದು ನಡುವೆಯೇ ಕುಳಿತಿರುವದು. ಕಡೆಯ ಪದದಿಂದ ಅರ್ಥ ಹಿಡಿಯುವ ಅಭ್ಯಾಸವುಳ್ಳ ನಮ್ಮ ಹುಡುಗರು ಎಡವುವದು ಇಲ್ಲಿಯೇ. ‘ದ್ಯಾಟ್’ ಎಂಬದು ನಮ್ಮ ‘ಎಂದು’, ಸಂಸ್ಕೃತದ ‘ಇತಿ’. ಆದರೆ ಇವು ಮಾತು ಮುಗಿದ ಮೇಲೆ ಬರುವವು, ಅದು ಮುಂಚೆಯೇ ಬರುವದು. ‘ಹೂ’ ಎಂದೊಡನೆ ‘ಯಾರು?’ ಎಂದು ಪ್ರಶ್ನೆ ಮಾಡಿಬಿಡುವ ಹುಡುಗನಿಗೆ ಸಂಸ್ಕೃತದ ‘ಯಃ’ ‘ಸಃ’ಗಳನ್ನು ನೆನಪಿಸಿದರೆ ಸಾಕು. ಸಂಸ್ಕೃತ ಬಾರದವನಿಗೆ ‘ಕರೆತಂದ’ ಎಂಬ ಕೃದಂತವೇ ದಾರಿ ತೋರುವದು.

ಇದು ಪರೀಕ್ಷೆಗೆ ಮಾತ್ರ ಸಂಬಂಧಿಸಿದ್ದೆಂದು ಹಿರಿಯರು ಅಲಕ್ಷಿಸಬಾರದು. ಮರಣಪತ್ರವೊಂದರಲ್ಲಿ ‘ಮೈ ಸನ್ಸ್ ಹೂ ಲಿವ್ ಇನ್ ಹೊನ್ನಾವರ ಶಲ್ ಟೇಕ್ ದಿ ಗಾರ್ಡನ್’ ಎಂದಿದೆಯೆನ್ನೋಣ. ನಡುವೆ ಅಲ್ಪವಿರಾಮವಿಲ್ಲದಿದ್ದರೆ, ಮಕ್ಕಳಲ್ಲಿ ಹೊನ್ನಾವರದಲ್ಲಿರುವವರಿಗೆ ಮಾತ್ರ ತೋಟ. ಮುಂಬಯಿಯಲ್ಲಿರುವವನಿಗೆ ಒಂದು ತೆಂಗಿನ ಮರವೂ ಇಲ್ಲ. ‘ಹೂ’ವಿನ ಹಿಂದೆಯೂ ‘ಹೊನ್ನಾವರ’ದ ಮುಂದೆಯೂ ಒಂದೊಂದು ಅಲ್ಪವಿರಾಮವನ್ನಿಟ್ಟರೆ ಮಕ್ಕಳೆಲ್ಲರಿಗೂ ತೋಟ, ಎಲ್ಲರೂ ಹೊನ್ನಾವರದವರೆಂಬದು ಬರಿಯ ವಿವರಣೆ. ಎರಡು ಚುಕ್ಕೆಗಳಿಗೆ ಅಣ್ಣತಮ್ಮಂದಿರನ್ನು ಕಚೇರಿಯ ಮೆಟ್ಟಿಲು ಹತ್ತಿಸುವ ಶಕ್ತಿಯುಂಟು! ‘ಹೊನ್ನಾವರದಲ್ಲಿರುವ ನನ್ನ ಮಕ್ಕಳು’ ಎಂಬ ಕನ್ನಡ ಮಾತಿನಲ್ಲಿ ಈ ಭೇದ ಕಾಣುವದಿಲ್ಲ, ಎರಡರ್ಥವೂ ಹೊರಡುವದು. ಆದುದರಿಂದ ಇಂಥ ಪತ್ರವನ್ನು ಕನ್ನಡಿಸುವವನು ‘ಮಕ್ಕಳಲ್ಲಿ ಹೊನ್ನಾವರದಲ್ಲಿರುವವರು ಮಾತ್ರ’ ಎಂದೋ ‘ನನ್ನ ಮಕ್ಕಳೆಲ್ಲರೂ, ಅವರು ಹೊನ್ನಾವರದಲ್ಲಿರುವರು’ ಎಂದೋ ಬಿಡಿಸಿಯೇ ಬರೆಯತಕ್ಕದ್ದು. ಸಹಿ ಹಾಕುವ ಮುನ್ನ ಯಜಮಾನನು ಅದನ್ನು ಓದಿಸಿ ಕೇಳತಕ್ಕದ್ದು.